ಅಳತೆ ನಡೆದದ್ದು ಯಾವ ನೆಲದಲ್ಲಿ?

ವಿಶ್ವವಿದ್ಯಾಲಯಗಳಲ್ಲಿ ವಿಜ್ಞಾನ, ತಂತ್ರಜ್ಞಾನ, ಸಂಸ್ಕೃತಿ ಮತ್ತು ಸಮಾಜದ ಬೋಧನೆ ಕುರಿತ ಉಪನ್ಯಾಸದ ಲಿಖಿತ ರೂಪ



ಅಡಿಕೆ ಬೆಳೆಯುವ ಯಾವ ಮನೆಗೂ ಬೋರ್ಡೋ ದ್ರಾವಣವನ್ನು ಪರಿಚಯಿಸಬೇಕಾಗಿಲ್ಲ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಮಲೆನಾಡಿನ ಮಕ್ಕಳಿಗೂ ಬಾಯಿಪಾಠ. ಆದರೆ ಈ ಮದ್ದು ಮಲೆನಾಡಿಗೆ ಬಂದ ದಾರಿ ಎಷ್ಟು ಜನರಿಗೆ ತಿಳಿದಿದೆ? ಬೋರ್ಡೋ ಎಂಬುದು ಫ್ರಾನ್ಸ್ ದೇಶದ ಒಂದು ಪಟ್ಟಣ. ಅದರ ಸುತ್ತಲಿನ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಕಲಸಿ ಎರಚುತ್ತಿದ್ದರು. ನೀಲಿ ಬಣ್ಣ ಕಂಡವರು ವಿಷವೆಂದು ಹೆದರಿ ದೂರ ಸರಿಯುತ್ತಿದ್ದರು. ಒಳಗಿನ ಬಳ್ಳಿಗಳು ಬೂಷ್ಟು ರೋಗಕ್ಕೆ ತುತ್ತಾದರೂ ರಸ್ತೆಬದಿಯವು ಹಸಿರಾಗಿಯೇ ಇದ್ದುದನ್ನು 1882ರಲ್ಲಿ ಸಸ್ಯವಿಜ್ಞಾನಿ ಮಿಲಾರ್ಡೆ ಗಮನಿಸಿದರು. ಪ್ರಯೋಗಗಳನ್ನು ನಡೆಸಿ 1885ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕಳ್ಳರಿಂದ ಫಸಲು ಕಾಯುವ ರೈತರ ಉಪಾಯವೊಂದು ಹೀಗೆ ವಿಜ್ಞಾನವಾಯಿತು.

1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ನೀಡಿದರು. ಅಲ್ಲಿಯವರೆಗೆ ಬೆಳೆಗಾರರು ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡಿಕೊಳ್ಳುತ್ತಿದ್ದರು. ಫ್ರಾನ್ಸಿನ ಮಳೆಗೆ ನಿಲ್ಲುವ ಮದ್ದು ಮಲೆನಾಡಿನ ಜಡಿಮಳೆಗೂ ನಿಲ್ಲಬೇಕಾದರೆ ಅದು ಕಾಯಿಗೆ ಅಂಟಿಕೊಳ್ಳುವಂತೆ ಮಾಡಬೇಕಿತ್ತು. ಅಂದರೆ, ಹೊರಗಿನಿಂದ ಬಂದ ತಂತ್ರ ಈ ನೆಲದ ಮಳೆಯನ್ನು ಅರಿತುಕೊಂಡ ಬಳಿಕವೇ ಇಲ್ಲಿನದಾಯಿತು.

ಇಂದಿನ ತರಗತಿಯಲ್ಲಿ ಇದೇ ದ್ರಾವಣ ಚೂರುಚೂರಾಗಿ ಹಂಚಿಹೋಗಿದೆ. ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಅದು ಒಂದು ಸಮೀಕರಣ. ಕೃಷಿ ವಿದ್ಯಾರ್ಥಿಗೆ ಅದು ಒಂದು ಪ್ರಮಾಣ. ಮದ್ದು ಹೊಡೆಯಲು ಜಾರುವ ಮರ ಏರುವ ಕೊನೆಗೌಡನ ಜೀವಕ್ಕೆ ಯಾವ ಭದ್ರತೆಯಿದೆ, ಆತನ ಮಕ್ಕಳು ಆ ಕೆಲಸವನ್ನು ಏಕೆ ಬಿಡುತ್ತಿದ್ದಾರೆ ಎಂಬುದು ಸಮಾಜಶಾಸ್ತ್ರಕ್ಕೆ ಸೇರಿದ್ದೆಂದು ಪಕ್ಕಕ್ಕಿಡಲಾಗುತ್ತದೆ. ವರ್ಷವರ್ಷವೂ ತೋಟದ ಮಣ್ಣಿಗಿಳಿಯುವ ತಾಮ್ರ ಅಲ್ಲಿಯೇ ಸಂಗ್ರಹವಾಗುತ್ತದೆ ಎಂಬುದು ಪರಿಸರ ವಿಜ್ಞಾನದ ಪಾಲು. ತೋಟದಲ್ಲಿ ಮಾತ್ರ ಇವೆಲ್ಲವೂ ಒಂದೇ ಮರದ ಬುಡದಲ್ಲಿವೆ. ಈ ಚೂರುಗಳನ್ನು ಮತ್ತೆ ಒಂದೆಡೆ ಇರಿಸಿ ನೋಡುವ ಬೋಧನೆಯೇ ‘ವಿಜ್ಞಾನ, ತಂತ್ರಜ್ಞಾನ ಮತ್ತು ಸಮಾಜ’ ಎಂಬ ಹೆಸರಿನ ಅಧ್ಯಯನ.

ಈ ಅಧ್ಯಯನ ಹುಟ್ಟಿದ್ದು ಸಂಕಟದ ಕಾಲದಲ್ಲಿ. 1959ರಲ್ಲಿ ಸಿ.ಪಿ. ಸ್ನೋ ಅವರು ಕೇಂಬ್ರಿಜ್‌ನ ಉಪನ್ಯಾಸವೊಂದರಲ್ಲಿ, ವಿಜ್ಞಾನ ಬಲ್ಲವರು ಮತ್ತು ಸಾಹಿತ್ಯ ಬಲ್ಲವರು ಪರಸ್ಪರರ ಮಾತು ತಿಳಿಯದ ಎರಡು ಪಂಗಡಗಳಾಗಿದ್ದಾರೆಂದು ಎಚ್ಚರಿಸಿದರು. 1962ರಲ್ಲಿ ರೇಚಲ್ ಕಾರ್ಸನ್ ಅವರ ಕೃತಿ ಕೀಟನಾಶಕಗಳ ದುಷ್ಪರಿಣಾಮವನ್ನು ಜನರ ಮುಂದಿಟ್ಟಿತು. ಅಣ್ವಸ್ತ್ರಗಳ ಭಯವೂ ಜೊತೆಗಿತ್ತು. ವಿಜ್ಞಾನವನ್ನು ಕಲಿತರಷ್ಟೇ ಸಾಲದು, ಅದು ಸಮಾಜದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನೂ ವಿಜ್ಞಾನದ ವಿದ್ಯಾರ್ಥಿಗಳೇ ಕಲಿಯಬೇಕೆಂಬ ಅರಿವು ಮೂಡಿತು. 1966ರಲ್ಲಿ ಡೇವಿಡ್ ಎಡ್ಜ್ ಅವರ ನೇತೃತ್ವದಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ವಿಜ್ಞಾನ ಅಧ್ಯಯನ ಘಟಕ ಕೆಲಸ ಆರಂಭಿಸಿತು. 1969ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ಇಂಥದೇ ಕಾರ್ಯಕ್ರಮವನ್ನು ಪ್ರಾರಂಭಿಸಿತು. ಅನಂತರ ಇದು ಅನೇಕ ದೇಶಗಳಿಗೆ ಹರಡಿತು.

ಈ ಪಠ್ಯಗಳಲ್ಲಿ ಮತ್ತೆ ಮತ್ತೆ ಪಾಠವಾಗುವ ಒಂದು ಘಟನೆ ಗುಡ್ಡಗಾಡಿನ ಜನರಿಗೆ ಸಂಬಂಧಿಸಿದ್ದು. ಅದನ್ನು ಮಲೆನಾಡಿನ ಜನರು ವಿವರವಾಗಿ ತಿಳಿಯುವುದು ಉಚಿತ.

1986ರ ಏಪ್ರಿಲ್ 26ರಂದು ಅಂದಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್‌ನಲ್ಲಿ ಅಣುಸ್ಥಾವರ ಸಿಡಿಯಿತು. ಅದರ ವಿಕಿರಣ ಧೂಳು ಗಾಳಿಯಲ್ಲಿ ತೇಲಿ ಬಂದು, ಮೇ ತಿಂಗಳ ಆರಂಭದಲ್ಲಿ ಮಳೆಯೊಂದಿಗೆ ವಾಯವ್ಯ ಇಂಗ್ಲೆಂಡಿನ ಕಂಬ್ರಿಯಾ ಗುಡ್ಡಗಳ ಮೇಲೆ ಇಳಿಯಿತು. ಅಲ್ಲಿನ ಜನರ ಬದುಕು ಕುರಿ ಸಾಕಣೆ. ಹುಲ್ಲಿಗೆ ಸೇರಿದ ಸೀಸಿಯಂ ಕುರಿಗಳ ಮಾಂಸಕ್ಕೂ ಸೇರಿತು. ಮೊದಲು ಯಾವ ಅಪಾಯವೂ ಇಲ್ಲವೆಂದಿದ್ದ ಸರ್ಕಾರ ಜೂನ್ ತಿಂಗಳಲ್ಲಿ ಕುರಿಗಳ ಸಾಗಾಟ ಮತ್ತು ವಧೆಯನ್ನು ನಿಷೇಧಿಸಿತು. ಈ ನಿರ್ಬಂಧ ಕೇವಲ ಮೂರು ವಾರ, ಅಷ್ಟರಲ್ಲಿ ವಿಕಿರಣ ಮಟ್ಟ ಇಳಿಯುತ್ತದೆ ಎಂದು ತಜ್ಞರು ಭರವಸೆಯಿತ್ತರು.

ಮಟ್ಟ ಇಳಿಯಲಿಲ್ಲ. ಕಾರಣ ಸರಳವಾಗಿತ್ತು. ತಜ್ಞರ ಲೆಕ್ಕ ಜೇಡಿಮಣ್ಣಿನ ತಗ್ಗು ಪ್ರದೇಶಗಳನ್ನು ಆಧರಿಸಿತ್ತು. ಜೇಡಿಮಣ್ಣು ಸೀಸಿಯಂ ಅನ್ನು ತನ್ನೊಳಗೆ ಬಿಗಿಯಾಗಿ ಹಿಡಿದಿಟ್ಟು, ಮತ್ತೆ ಗಿಡದ ಬೇರಿಗೆ ಸಿಗದಂತೆ ಮಾಡುತ್ತದೆ. ಕಂಬ್ರಿಯಾ ಗುಡ್ಡಗಳದ್ದು ಕೊಳೆತ ಸಸ್ಯಾಂಶದಿಂದಾದ ಆಮ್ಲೀಯ ಮಣ್ಣು. ಅಲ್ಲಿ ಸೀಸಿಯಂ ಸಡಿಲವಾಗಿಯೇ ಉಳಿದು, ಮಣ್ಣಿನಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿಗೆ, ಕುರಿಯಿಂದ ಮತ್ತೆ ಮಣ್ಣಿಗೆ ಸುತ್ತುತ್ತಲೇ ಇತ್ತು. ಮೂರು ವಾರವೆಂದ ನಿರ್ಬಂಧ ಅಲ್ಲಿನ ಕೊನೆಯ ಕೆಲವು ಹಿಡುವಳಿಗಳಲ್ಲಿ ತೆರವಾದದ್ದು 2012ರ ಜೂನ್ ತಿಂಗಳಲ್ಲಿ. ನಡುವೆ 26 ವರ್ಷಗಳು ಕಳೆದಿದ್ದವು.

ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಬ್ರಯಾನ್ ವಿನ್ ಅವರು ಈ ರೈತರೊಂದಿಗೆ ಮಾತನಾಡಿ ನಡೆಸಿದ ಅಧ್ಯಯನ ಇಂದು ಈ ವಿಷಯದ ಮೂಲಪಾಠಗಳಲ್ಲಿ ಒಂದು. ಸೀಸಿಯಂ ಹಿಡಿದಿಡುವ ಒಂದು ಬಗೆಯ ಜೇಡಿಯನ್ನು ನೆಲಕ್ಕೆ ಎರಚಿ, ಅಲ್ಲಿ ಕುರಿಗಳನ್ನು ಬೇಲಿಯೊಳಗೆ ಕೂಡಿ ಮೇಯಿಸುವ ಪ್ರಯೋಗವನ್ನು ವಿಜ್ಞಾನಿಗಳು ಕೈಗೊಂಡಾಗ, ಬಯಲಿನಲ್ಲಿ ಅಲೆದು ಮೇಯುವ ಕುರಿ ಬೇಲಿಯೊಳಗೆ ಸೊರಗುತ್ತದೆ, ಪ್ರಯೋಗದ ಫಲಿತಾಂಶವೇ ಕೆಡುತ್ತದೆ ಎಂದು ರೈತರು ಹೇಳಿದರು. ಅವರ ಮಾತನ್ನು ಯಾರೂ ಕೇಳಲಿಲ್ಲ. ಕೊನೆಗೆ ಅದೇ ಕಾರಣಕ್ಕೆ ಆ ಪ್ರಯೋಗವನ್ನು ಕೈಬಿಡಬೇಕಾಯಿತು. ಗುಡ್ಡದಿಂದ ಕುರಿಗಳನ್ನು ಕಣಿವೆಗೆ ಇಳಿಸಿ ಮೇಯಿಸಿರೆಂಬ ಸಲಹೆಯೂ ಬಂದಿತು. ಕಣಿವೆಯ ಹುಲ್ಲನ್ನು ಈಗಲೇ ಮುಗಿಸಿದರೆ ಮುಂದಿನ ದಿನಗಳಿಗೆ ಮೇವೆಲ್ಲಿ ಎಂಬ ರೈತರ ಪ್ರಶ್ನೆಗೆ ಆ ಸಲಹೆಯಲ್ಲಿ ಉತ್ತರವಿರಲಿಲ್ಲ.

ಈ ಕಥೆಯನ್ನು ‘ವಿಜ್ಞಾನಿ ತಪ್ಪು, ರೈತ ಸರಿ’ ಎಂದು ಬೋಧಿಸಿದರೆ ಪಾಠ ಅರ್ಧಕ್ಕೆ ನಿಲ್ಲುತ್ತದೆ. ಆ ಗುಡ್ಡಗಳ ಸಮೀಪದಲ್ಲಿಯೇ ಸೆಲ್ಲಾಫೀಲ್ಡ್ ಅಣು ಕೇಂದ್ರವಿದೆ. 1957ರಲ್ಲಿ ಅಲ್ಲಿನ ಸ್ಥಾವರದಲ್ಲಿ ಬೆಂಕಿ ಹೊತ್ತಿ ವಿಕಿರಣ ಹೊರಬಿದ್ದಿತ್ತು. ಆದ್ದರಿಂದ ಈ ಮಾಲಿನ್ಯಕ್ಕೆ ನೆರೆಯ ಕೇಂದ್ರವೇ ಕಾರಣವೆಂದು ಅನೇಕ ರೈತರು ಶಂಕಿಸಿದರು. ಎಲ್ಲವೂ ಚೆರ್ನೋಬಿಲ್‌ನದೇ ಎಂದು ಅಧಿಕಾರಿಗಳು ಸಾಧಿಸಿದರು. ಮುಂದೆ ಅಳತೆಗಳಿಂದ ತಿಳಿದುಬಂದದ್ದು ಬೇರೆ: ಸೀಸಿಯಂನ ಸುಮಾರು ಅರ್ಧದಷ್ಟು ಚೆರ್ನೋಬಿಲ್‌ನದು, ಉಳಿದದ್ದು ಅಣ್ವಸ್ತ್ರ ಪರೀಕ್ಷೆಗಳು, 1957ರ ಬೆಂಕಿ ಮುಂತಾದ ಹಳೆಯ ಮೂಲಗಳದ್ದು. ರೈತರ ಶಂಕೆ ಪೂರ್ಣ ನಿಜವಲ್ಲ, ಅಧಿಕಾರಿಗಳ ಖಚಿತ ಮಾತೂ ಪೂರ್ಣ ನಿಜವಲ್ಲ. ಅದನ್ನು ತೀರ್ಮಾನಿಸಿದ್ದು ಅಳತೆ. ಹೀಗಾಗಿ ಈ ಅಧ್ಯಯನ ವಿಜ್ಞಾನದ ವಿರೋಧಿಯಲ್ಲ. ಅದು ವಿಜ್ಞಾನವನ್ನು ಕೇಳುವ ಮೊದಲ ಪ್ರಶ್ನೆಯೇ ವಿಜ್ಞಾನದ ಪ್ರಶ್ನೆ: ಈ ಅಳತೆ ನಡೆದದ್ದು ಯಾವ ನೆಲದಲ್ಲಿ?

ಇಂಥದೇ ಪಾಠವೊಂದು ಉತ್ತರ ಕನ್ನಡದ ಕಾಡಿನಲ್ಲಿಯೂ ಇದೆ. ದಾಂಡೇಲಿಯ ಕಾಗದ ಕಾರ್ಖಾನೆಗೆ ಬಿದಿರು ಪೂರೈಸುತ್ತಿದ್ದ ಕಾಡುಗಳಲ್ಲಿ 1970ರ ದಶಕದ ಹೊತ್ತಿಗೆ ಬಿದಿರು ಕ್ಷೀಣಿಸಿತು. ಕಾರಣವೇನೆಂಬ ಬಗ್ಗೆ ಇಲಾಖೆ, ಕಾರ್ಖಾನೆ, ಹಳ್ಳಿಗರು ಒಬ್ಬರನ್ನೊಬ್ಬರು ದೂರುತ್ತಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ನರೇಂದ್ರ ಪ್ರಸಾದ್ ಈ ಕುರಿತು ಅಧ್ಯಯನ ಕೈಗೊಂಡರು. ಮೆಳೆಯ ಬುಡದಲ್ಲಿ ಹೆಣೆದುಕೊಂಡ ಮುಳ್ಳನ್ನು ಸವರಿದರೆ ಹೊಸ ಕಳಲೆ ಸಲೀಸಾಗಿ ಮೇಲೇಳುತ್ತದೆ ಎಂಬುದು ಅರಣ್ಯ ಇಲಾಖೆಯ ಪದ್ಧತಿಯಾಗಿತ್ತು. ಆ ಮುಳ್ಳೇ ಕಳಲೆಗೆ ಬೇಲಿ, ಅದನ್ನು ಸವರಿದರೆ ಮುಳ್ಳುಹಂದಿ, ಮಂಗ, ದನಕರುಗಳಿಗೆ ಕಳಲೆ ತುತ್ತಾಗುತ್ತದೆ ಎಂಬುದು ಹಳ್ಳಿಗರ ಮಾತು. ಸಂಶೋಧಕರು ಆ ಮಾತನ್ನು ಕಣ್ಣುಮುಚ್ಚಿ ನಂಬಲಿಲ್ಲ, ತಳ್ಳಿಹಾಕಲೂ ಇಲ್ಲ. ಸವರಿದ ಮೆಳೆಗಳನ್ನೂ ಸವರದ ಮೆಳೆಗಳನ್ನೂ ಹೋಲಿಸಿ ನೋಡಿದರು. ಹಳ್ಳಿಗರ ಮಾತು ಸರಿಯಾಗಿತ್ತು. ಕಾಡಿನ ಅಂಚಿನಲ್ಲಿ ಬದುಕುವವನ ಅನುಭವವನ್ನು ಪರೀಕ್ಷೆಗೆ ಅರ್ಹವಾದ ಜ್ಞಾನವೆಂದು ಭಾವಿಸಿದ್ದರಿಂದಲೇ ಈ ಸತ್ಯ ದೊರೆಯಿತು. ಗೌರವವೆಂದರೆ ಇದು. ಹಳ್ಳಿಗನನ್ನು ಹೊಗಳಿ ಕಳುಹಿಸುವುದು ಗೌರವವಲ್ಲ. ಆತನ ಮಾತನ್ನು ಪರೀಕ್ಷಿಸಲು ಯೋಗ್ಯವೆಂದು ಎಣಿಸುವುದೇ ಗೌರವ.

ಮೂರನೆಯ ಪಾಠ ಬೇಡ್ತಿಯದು. ಬೇಡ್ತಿ ನದಿಗೆ ಅಡ್ಡಲಾಗಿ 210 ಮೆಗಾವಾಟ್ ಸಾಮರ್ಥ್ಯದ ಜಲವಿದ್ಯುತ್ ಯೋಜನೆ ರೂಪುಗೊಂಡಾಗ ಅಡಿಕೆ, ಏಲಕ್ಕಿ, ಕಾಳುಮೆಣಸಿನ ತೋಟಗಳು ಮುಳುಗುವ ಆತಂಕ ಎದುರಾಯಿತು. ಬೆಳೆಗಾರರು ಸಭೆ, ಮನವಿಗಳಿಗಷ್ಟೇ ನಿಲ್ಲಲಿಲ್ಲ. ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಮುಂದೆ ಬಂದು, 1981ರ ಜನವರಿಯಲ್ಲಿ ವಿಜ್ಞಾನಿಗಳು, ಅರ್ಥಶಾಸ್ತ್ರಜ್ಞರು ಮತ್ತು ರೈತರನ್ನು ಶಿರಸಿಯಲ್ಲಿ ಒಂದೇ ವೇದಿಕೆಗೆ ಕರೆಯಿತು. ತೋಟದ ಉತ್ಪನ್ನ, ಕಾಡಿನ ಬೆಲೆ, ಸೊಪ್ಪಿನ ಬೆಟ್ಟದ ನಷ್ಟ ಇವು ಯೋಜನೆಯ ಲೆಕ್ಕದಲ್ಲಿ ಎಲ್ಲಿವೆ ಎಂಬ ಪ್ರಶ್ನೆ ಅಂಕಿಅಂಶಗಳ ಸಮೇತ ಚರ್ಚೆಗೆ ಬಂತು. ಆ ಯೋಜನೆ ಮುಂದುವರಿಯಲಿಲ್ಲ. ಕಂಬ್ರಿಯಾದಲ್ಲಿ ರೈತರ ಮಾತು ಕೇಳಿಸಿಕೊಳ್ಳದ ವಿಜ್ಞಾನ ಇತ್ತು. ದಾಂಡೇಲಿಯಲ್ಲಿ ಕೇಳಿಸಿಕೊಂಡ ವಿಜ್ಞಾನ ಇತ್ತು. ಶಿರಸಿಯಲ್ಲಿ ರೈತರೇ ವಿಜ್ಞಾನವನ್ನು ತಮ್ಮ ಮನೆಗೆ ಕರೆತಂದರು.

ಇಷ್ಟು ಸಂಪತ್ತಿರುವ ನೆಲದ ಕಾಲೇಜುಗಳಲ್ಲಿ ಬೋಧನೆ ಹೇಗೆ ನಡೆಯುತ್ತಿದೆ? 1991ರಲ್ಲಿ ಸುಪ್ರೀಂ ಕೋರ್ಟು ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸಲು ನಿರ್ದೇಶಿಸಿತು. ಅದರ ಜಾರಿ ವಿಳಂಬವಾದಾಗ 2003ರಲ್ಲಿ ಮತ್ತೆ ಆದೇಶವಿತ್ತಿತು. ಅದರ ಫಲವಾಗಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಆರು ತಿಂಗಳ ಕಡ್ಡಾಯ ಪಠ್ಯವನ್ನು ರೂಪಿಸಿತು. ಅದರಲ್ಲಿ ಎಂಟು ಘಟಕಗಳು, 50 ಗಂಟೆಗಳ ಬೋಧನೆ. ಎಂಟನೆಯ ಘಟಕ ಕ್ಷೇತ್ರಕಾರ್ಯ. ನದಿ, ಕಾಡು, ಗುಡ್ಡಗಳಿಗೆ ಹೋಗಿ ದಾಖಲಿಸಬೇಕೆಂಬ ಆ ಘಟಕಕ್ಕೆ ದೊರೆತದ್ದು ಐದು ಗಂಟೆಗಳ ಅವಧಿ. ಆಯೋಗ 2023ರಲ್ಲಿ ಹೊಸ ಪಠ್ಯಕ್ರಮದ ಚೌಕಟ್ಟನ್ನು ಪ್ರಕಟಿಸಿದೆ. ಚೌಕಟ್ಟು ಯಾವುದೇ ಇರಲಿ, ಒಂದು ಅಪಾಯ ಉಳಿದೇ ಇರುತ್ತದೆ. ಓಝೋನ್ ಪದರದ ವ್ಯಾಖ್ಯೆಯನ್ನು ಕಂಠಪಾಠ ಮಾಡಿ ಬರೆದ ವಿದ್ಯಾರ್ಥಿ ತನ್ನ ಊರಿನ ಹಳ್ಳ ಬೇಸಿಗೆಯಲ್ಲಿ ಏಕೆ ಬತ್ತಿತೆಂದು ಕೇಳದೆಯೇ ಪದವೀಧರನಾಗಬಹುದು.

ಇದು ಕೇವಲ ಅಂಕಪಟ್ಟಿಯ ಪ್ರಶ್ನೆಯಲ್ಲ. ಇಂದು ಈ ಕಾಲೇಜುಗಳಲ್ಲಿ ಕಲಿಯುತ್ತಿರುವವರೇ ನಾಳೆ ಎಂಜಿನಿಯರುಗಳು, ಅರಣ್ಯಾಧಿಕಾರಿಗಳು, ಬ್ಯಾಂಕಿನ ವ್ಯವಸ್ಥಾಪಕರು, ಶಿಕ್ಷಕರು. ಯಾವುದೋ ಗುಡ್ಡದ ಭವಿಷ್ಯ ಒಂದು ದಿನ ಅವರ ಮೇಜಿನ ಮೇಲೆ ಕಡತವಾಗಿ ಬರುತ್ತದೆ. ಆಗ ಅವರು ಕೇಳುವ ಪ್ರಶ್ನೆ ಯಾವುದು ಎಂಬುದು ಇಂದಿನ ತರಗತಿಯಲ್ಲಿ ನಿರ್ಧಾರವಾಗುತ್ತದೆ.

ಹಾಗಾದರೆ ಬೋಧಿಸುವ ಬಗೆ ಹೇಗಿರಬೇಕು? ಸಿದ್ಧಾಂತದಿಂದ ಆರಂಭಿಸದೆ ಒಂದು ವಸ್ತುವಿನಿಂದ ಅಥವಾ ಒಂದು ಯೋಜನೆಯಿಂದ ಆರಂಭಿಸಬೇಕು. ಅದರ ಮುಂದೆ ನಾಲ್ಕು ಪ್ರಶ್ನೆಗಳನ್ನು ಇಡಬೇಕು. ಈ ತೀರ್ಮಾನಕ್ಕೆ ಆಧಾರವಾದ ಅಳತೆ ಎಲ್ಲಿ, ಯಾವ ಋತುವಿನಲ್ಲಿ ನಡೆಯಿತು? ಲೆಕ್ಕಕ್ಕೆ ಸೇರದೆ ಉಳಿದದ್ದು ಏನು? ಲಾಭ ಯಾರಿಗೆ, ಹೊರೆ ಯಾರಿಗೆ? ತೀರ್ಮಾನ ತಪ್ಪೆಂದು ಮುಂದೆ ತಿಳಿದರೆ ತಿದ್ದಿಕೊಳ್ಳಲು ದಾರಿಯಿದೆಯೇ?

ಉದಾಹರಣೆಗೆ, ಶರಾವತಿ ಕಣಿವೆಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆ ಪ್ರಸ್ತಾವಗೊಂಡಿದೆ. ಕೆಳಗಿನ ನೀರನ್ನು ಮೇಲೆತ್ತಿ, ಬೇಕಾದಾಗ ಮತ್ತೆ ಇಳಿಸಿ ವಿದ್ಯುತ್ ಪಡೆಯುವ ವ್ಯವಸ್ಥೆ ಇದು. ಇಂಥ ಯೋಜನೆಗಳಲ್ಲಿ ಎತ್ತಲು ವ್ಯಯವಾದ ವಿದ್ಯುತ್ತಿನ ಸುಮಾರು ಮುಕ್ಕಾಲು ಪಾಲು ಮಾತ್ರ ಮರಳಿ ದೊರೆಯುತ್ತದೆ. ಹಾಗಿದ್ದೂ ಇದನ್ನು ಏಕೆ ಕಟ್ಟುತ್ತಾರೆ? ಹಗಲಿನ ಸೌರವಿದ್ಯುತ್ತು ಸಂಜೆಯ ಬೇಡಿಕೆಗೆ ಉಳಿಯುವುದಿಲ್ಲ, ಅದನ್ನು ಕೂಡಿಡಲು ಇದೊಂದು ಉಪಾಯ ಎಂಬುದು ಎಂಜಿನಿಯರರ ಉತ್ತರ. ಆ ಉತ್ತರವನ್ನು ವಿದ್ಯಾರ್ಥಿ ಪ್ರಾಮಾಣಿಕವಾಗಿ ಅರ್ಥಮಾಡಿಕೊಳ್ಳಬೇಕು. ಅನಂತರ ಕೇಳಬೇಕು: ಕೂಡಿಡಲು ಬೇರೆ ಉಪಾಯಗಳಿವೆಯೇ? ಸುರಂಗ ಮತ್ತು ರಸ್ತೆಗಳಿಗಾಗಿ ಹೋಗುವ ಕಾಡಿನ ಬೆಲೆಯನ್ನು ಯಾವ ಖಾತೆಗೆ ಬರೆಯಲಾಗಿದೆ? 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಊರು ಬಿಟ್ಟ ಕುಟುಂಬಗಳ ಅನುಭವ ಈ ಲೆಕ್ಕದಲ್ಲಿದೆಯೇ? ಪರವಾಗಿ ವಾದಿಸುವವನಿಗೂ ವಿರೋಧಿಸುವವನಿಗೂ ಈ ಪ್ರಶ್ನೆಗಳು ಒಂದೇ. ವಿದ್ಯಾರ್ಥಿ ಯಾವ ಪಕ್ಷಕ್ಕೆ ಸೇರಿದನೆಂಬುದಕ್ಕೆ ಅಂಕವಿಲ್ಲ. ಎರಡೂ ಪಕ್ಷಗಳ ಅತ್ಯುತ್ತಮ ವಾದವನ್ನು ಎಷ್ಟು ನ್ಯಾಯವಾಗಿ ಮಂಡಿಸಿದನೆಂಬುದಕ್ಕೆ ಅಂಕ.

ಎರಡನೆಯದಾಗಿ, ಹಳ್ಳಿಯನ್ನು ಕೇವಲ ಪ್ರಶ್ನಾವಳಿ ತುಂಬಿಸಿಕೊಳ್ಳುವ ಜಾಗವೆಂದು ಕಾಣಬಾರದು. ಕೊನೆಗೌಡ, ಸೊಪ್ಪು ತರುವ ಮಹಿಳೆ, ಜೇನು ಕೀಳುವವನು, ನಾಟಿವೈದ್ಯ ಇವರು ತರಗತಿಯ ಅತಿಥಿ ಉಪನ್ಯಾಸಕರಾಗಬೇಕು. ವಿದ್ಯಾರ್ಥಿ ಬರೆದ ವರದಿ ಪ್ರಾಧ್ಯಾಪಕರ ಕಪಾಟಿಗೆ ಸೇರುವ ಮೊದಲು ಆ ಊರಿನ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಲ್ಪಡಬೇಕು. ತಪ್ಪಿದ್ದರೆ ಊರವರು ಅಲ್ಲಿಯೇ ತಿದ್ದುತ್ತಾರೆ. ಅದಕ್ಕಿಂತ ಕಠಿಣವಾದ ಪರೀಕ್ಷೆ ಇನ್ನೊಂದಿಲ್ಲ.

ಮೂರನೆಯದು ಭಾಷೆಯ ಪ್ರಶ್ನೆ. 2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಅದಕ್ಕೆ ಕನಿಷ್ಠ 30 ದಿನಗಳ ಮುನ್ಸೂಚನೆ ಇರಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ದೊರೆಯಬೇಕು. ಆದರೆ ಆ ಸಾರಾಂಶದ ಮಿತಿ ಹತ್ತು ಪುಟ. ನೂರಾರು ಪುಟಗಳ ಮೂಲ ವರದಿ ಇಂಗ್ಲಿಷಿನಲ್ಲಿರುತ್ತದೆ. ಯಾವ ತಿಂಗಳಿನಲ್ಲಿ ನೀರು ಅಳೆದರು, ಯಾವ ಹಳ್ಳಿಯ ಹೆಸರು ಬಿಟ್ಟುಹೋಗಿದೆ, ಯಾವ ಪ್ರಾಣಿಯನ್ನು ಕಾಣಲಿಲ್ಲವೆಂದು ಬರೆದಿದ್ದಾರೆ ಎಂಬ ವಿವರಗಳೆಲ್ಲ ಇರುವುದು ಆ ಪುಟಗಳಲ್ಲಿ. ಹಳ್ಳಿಯವನಿಗೆ ನೆಲ ಗೊತ್ತು, ವರದಿ ಓದಲಾಗದು. ವಿದ್ಯಾರ್ಥಿಗೆ ವರದಿ ಓದಲು ಬರುತ್ತದೆ, ನೆಲ ಗೊತ್ತಿಲ್ಲ. ಇಬ್ಬರೂ ಜೊತೆಗೆ ಕುಳಿತರೆ ಆ 30 ದಿನಗಳು ಸಾಕಾಗಬಹುದು. ಒಬ್ಬರೇ ಕುಳಿತರೆ ಮೂರು ವರ್ಷವೂ ಸಾಲದು. ಇದಕ್ಕಿಂತ ಅರ್ಥಪೂರ್ಣವಾದ ಕ್ಷೇತ್ರಕಾರ್ಯ ಪದವಿ ವಿದ್ಯಾರ್ಥಿಗೆ ಬೇರೆ ಯಾವುದಿದೆ?

ಇಂಥ ಬೋಧನೆಗೆ ಸಮಯವಿಲ್ಲ, ಇದರಿಂದ ಉದ್ಯೋಗ ದೊರೆಯದು ಎಂಬ ಆಕ್ಷೇಪಣೆ ಕೇಳಿಬರುತ್ತದೆ. ಆಕ್ಷೇಪಣೆ ಕ್ಷುಲ್ಲಕವಲ್ಲ, ಸಾಲ ಮಾಡಿ ಮಕ್ಕಳನ್ನು ಓದಿಸುವ ತಂದೆತಾಯಿಯರ ಆತಂಕ ಅದರಲ್ಲಿದೆ. ಆದರೆ ಮಣ್ಣಿನ ಗುಣ ಕೇಳದೆ ನೀಡಿದ ಮೂರು ವಾರಗಳ ಭರವಸೆಯ ಬೆಲೆಯನ್ನು ಕಂಬ್ರಿಯಾದ ರೈತರು 26 ವರ್ಷ ತೆತ್ತರು. ಆ ಭರವಸೆ ನೀಡಿದವರೂ ಉತ್ತಮ ಅಂಕ ಪಡೆದ ಪದವೀಧರರೇ ಆಗಿದ್ದರು. ಅವರಿಗೆ ವಿಜ್ಞಾನ ಗೊತ್ತಿತ್ತು. ಯಾರನ್ನು ಕೇಳಬೇಕೆಂಬುದು ಗೊತ್ತಿರಲಿಲ್ಲ. ಅದನ್ನು ಕಲಿಸುವುದು ವಿಶ್ವವಿದ್ಯಾಲಯದ ಹೊಣೆ.

ಹೊಣೆ ಊರಿನದೂ ಹೌದು. ಪ್ರತಿ ಗ್ರಾಮವೂ ತನ್ನ ಮಳೆಯ ಲೆಕ್ಕವನ್ನು, ಹಳ್ಳದ ನೀರು ನಿಂತ ದಿನಾಂಕವನ್ನು, ಕುಸಿದ ಧರೆಯ ಜಾಗವನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಹತ್ತಿರದ ಕಾಲೇಜು ವರ್ಷಕ್ಕೊಂದು ತಂಡವನ್ನು ಆ ಪುಸ್ತಕದ ಬಳಿಗೆ ಕಳುಹಿಸಲಿ. ಬರುವ ಮಳೆಗಾಲದಿಂದಲೇ ಇದನ್ನು ಆರಂಭಿಸಬಹುದು. ಒಂದು ಮಳೆಮಾಪಕ, ಒಂದು ನೋಟುಪುಸ್ತಕ, ಬೆಳಗಿನ ಎಂಟೂವರೆಗೆ ತಪ್ಪದೆ ನೋಡಿ ಬರೆಯುವ ಒಬ್ಬರು ಇದ್ದರೆ ಸಾಕು.